ಸಾವಿರ ಕಿಲೋಮೀಟರ್ ತಪ್ಪಿಲ್ಲದೆ ಓಡಿದರೆ ಸಾಕೇ? ತಾನೇ ಓಡುವ ಕಾರಿನ ಸಾಫ್ಟ್‌ವೇರ್ ರಸ್ತೆಗೆ ಯಾವಾಗ ಸಿದ್ಧ

2021ರ ಅಕ್ಟೋಬರ್ 23ರಂದು ಟೆಸ್ಲಾ ಕಂಪನಿ ತನ್ನ ‘ಫುಲ್ ಸೆಲ್ಫ್ ಡ್ರೈವಿಂಗ್ ಬೀಟಾ’ ಸಾಫ್ಟ್‌ವೇರ್‌ನ 10.3ನೇ ಆವೃತ್ತಿಯನ್ನು ಅಮೆರಿಕದ ಆಯ್ದ ಗ್ರಾಹಕರ ಕಾರುಗಳಿಗೆ ಕಳಿಸಿತು. ಮರುದಿನವೇ ದೂರುಗಳು ಶುರುವಾದವು. ಮುಂದೆ ಏನೂ ಇಲ್ಲದಿದ್ದರೂ ಡಿಕ್ಕಿಯಾಗುತ್ತದೆಂಬ ಎಚ್ಚರಿಕೆ ಮೊಳಗುತ್ತಿತ್ತು, ಕೆಲವು ಕಾರುಗಳು ತಾವಾಗಿಯೇ ತುರ್ತು ಬ್ರೇಕ್ ಹಾಕುತ್ತಿದ್ದವು. ಕಂಪನಿ ಕೆಲವೇ ಗಂಟೆಗಳಲ್ಲಿ ಕಾರುಗಳನ್ನು ಹಳೆಯ 10.2ಕ್ಕೆ ಮರಳಿಸಿ, 25ರಂದು ಸರಿಪಡಿಸಿದ 10.3.1 ಅನ್ನು ಕಳಿಸಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ದಾಖಲೆಯಲ್ಲಿ ಇದು 11,704 ವಾಹನಗಳ ರೀಕಾಲ್ (ದೋಷವಿರುವ ವಾಹನಗಳನ್ನು ಸರಿಪಡಿಸಿಕೊಡುವ ಅಧಿಕೃತ ಕ್ರಮ) ಎಂದು ಸೇರಿತು.

ಕಾರಣವಾಗಿ ದಾಖಲಾದದ್ದು ಇಷ್ಟು: ಕಾರಿನೊಳಗಿನ ಎರಡು ಚಿಪ್‌ಗಳ ನಡುವೆ ಸಾಫ್ಟ್‌ವೇರ್ ಸಂವಹನ ಕಡಿದುಹೋಗುತ್ತಿತ್ತು. ಅದರಿಂದ ವಿಡಿಯೊ ನೋಡಿ ವಾಹನಗಳನ್ನು ಗುರುತಿಸುವ ನ್ಯೂರಲ್ ನೆಟ್‌ವರ್ಕ್‌ಗಳು ಒಂದೇ ಹದದಲ್ಲಿ ಓಡದೆ, ಸುತ್ತಲಿನ ವಾಹನಗಳ ವೇಗವನ್ನು ಮೈನಸ್ ಸಂಖ್ಯೆಯಾಗಿ ಕೊಡುತ್ತಿದ್ದವು. ಇತ್ತಲೇ ನುಗ್ಗಿ ಬರುತ್ತಿರುವ ವಾಹನಕ್ಕೆ ಬ್ರೇಕ್ ವ್ಯವಸ್ಥೆ ಹೇಗೆ ಸ್ಪಂದಿಸಬೇಕೋ ಹಾಗೆಯೇ ಅದು ಸ್ಪಂದಿಸಿತು.

ಕಾರಿನ ‘ಬುದ್ಧಿ’ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಇಲ್ಲಿ ಕೈಕೊಡಲಿಲ್ಲ. ಒಂದು ಭಾಗದಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಕೊಳವೆ ಸೋರಿತು, ಅಷ್ಟೆ. ಆದರೂ ಬ್ರೇಕ್ ಬಿದ್ದದ್ದು ನಿಜವಾದ ರಸ್ತೆಯಲ್ಲಿ, ಹಿಂದೆ ನಿಜವಾದ ವಾಹನಗಳಿದ್ದಾಗ. ಮೊಬೈಲ್ ಆ್ಯಪ್‌ಗೆ ಕೆಟ್ಟ ಅಪ್‌ಡೇಟ್ ಬಂದರೆ ಆ್ಯಪ್ ಮುಚ್ಚಿಹೋಗುತ್ತದೆ. ಒಂದೂವರೆ ಎರಡು ಟನ್ ತೂಕದ ಯಂತ್ರಕ್ಕೆ ಬಂದರೆ ಆಗುವುದು ಬೇರೆ. ಹಾಗಾಗಿ ‘ಈ ಸಾಫ್ಟ್‌ವೇರ್ ಜನರಿಗೆ ಕೊಡಲು ಸಿದ್ಧವೇ’ ಎಂಬ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಮೂರು ಸಂಗತಿ ತಿಳಿದಿರಬೇಕು: ಓಡಿಸುವಾಗ ಹೊಣೆ ಯಾರದು, ಅದನ್ನು ಎಲ್ಲಿ ಓಡಿಸಬಹುದು, ಮತ್ತು ತನಗೆ ತಿಳಿಯದ್ದು ಎದುರಾದಾಗ ಅದು ಏನು ಮಾಡುತ್ತದೆ. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು ಎಂಬುದು ಈ ಲೇಖನದ ಅಭಿಪ್ರಾಯ.

ಹೊಣೆ ಯಾರದು

ಅಮೆರಿಕದ ಎಸ್‌ಎಇ ಎಂಬ ವಾಹನ ಎಂಜಿನಿಯರ್‌ಗಳ ಸಂಸ್ಥೆ ವಾಹನಗಳ ಸ್ವಯಂಚಾಲನೆಯನ್ನು 0ಯಿಂದ 5ರವರೆಗೆ ಆರು ಹಂತಗಳಾಗಿ ವಿಂಗಡಿಸಿದೆ. ಹಂತ ಏರಿದಂತೆ ಕಾರು ಹೆಚ್ಚು ಜಾಣವಾಗುತ್ತದೆ ಎಂದು ಅನೇಕರು ಇದನ್ನು ಓದುತ್ತಾರೆ. ವಾಸ್ತವದಲ್ಲಿ ಹಂತ ಹೇಳುವುದು ಹೊಣೆಯ ಹಂಚಿಕೆಯನ್ನು. ಎರಡನೇ ಹಂತದಲ್ಲಿ ಸ್ಟಿಯರಿಂಗ್, ಆ್ಯಕ್ಸಿಲರೇಟರ್, ಬ್ರೇಕ್ ಮೂರನ್ನೂ ಕಾರೇ ನೋಡಿಕೊಂಡರೂ ರಸ್ತೆಯ ಮೇಲೆ ಪೂರ್ತಿ ನಿಗಾ ಚಾಲಕನದೇ. ತಪ್ಪಾದರೆ ಅವನದೇ ಹೊಣೆ. ಟೆಸ್ಲಾದ ಫುಲ್ ಸೆಲ್ಫ್ ಡ್ರೈವಿಂಗ್ ಗ್ರಾಹಕರ ಕೈಯಲ್ಲಿ ಇರುವುದು ಇದೇ ಹಂತದಲ್ಲಿ. 2024ರಲ್ಲಿ ಅದರ ಹೆಸರಿಗೆ ‘ಸೂಪರ್‌ವೈಸ್ಡ್’ (ಅಂದರೆ ಚಾಲಕನ ನಿಗಾದಲ್ಲಿ) ಎಂಬ ಪದ ಸೇರಿದ್ದೂ ಅದಕ್ಕೇ.

ಮೂರನೇ ಹಂತದಲ್ಲಿ ವ್ಯವಸ್ಥೆ ಚಾಲೂ ಇರುವಷ್ಟು ಹೊತ್ತು ಓಡಿಸುವುದು ಕಾರು, ಅದು ಕರೆದಾಗ ಮನುಷ್ಯ ವಹಿಸಿಕೊಳ್ಳಬೇಕು. ಹೆದ್ದಾರಿಯಲ್ಲಿ ಲೇನ್ ಹಿಡಿದು ಓಡುವ ಇಂಥ ವ್ಯವಸ್ಥೆಗಳಿಗೆ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ 2020ರಲ್ಲಿ ಒಪ್ಪಿದ 157ನೇ ನಿಯಮದ ಪ್ರಕಾರ, ಕಾರು ಚಾಲಕನನ್ನು ಕರೆದ ಮೇಲೆ ಕನಿಷ್ಠ 10 ಸೆಕೆಂಡ್ ಸಮಯ ಕೊಡಬೇಕು. ಅಷ್ಟರೊಳಗೆ ಅವನು ಸ್ಪಂದಿಸದಿದ್ದರೆ ತಾನೇ ಸುರಕ್ಷಿತವಾಗಿ ನಿಲ್ಲಬೇಕು. ಮೊದಲು ಗಂಟೆಗೆ 60 ಕಿ.ಮೀ.ಗೆ ಮಿತಿಗೊಳಿಸಿದ್ದ ವೇಗವನ್ನು 2022ರ ತಿದ್ದುಪಡಿ 130ಕ್ಕೆ ಏರಿಸಿತು. ಈ ನಿಯಮದಡಿ ಮರ್ಸಿಡಿಸ್ ಬೆಂಜ್ 2021ರ ಡಿಸೆಂಬರ್‌ನಲ್ಲಿ ಜರ್ಮನಿಯಲ್ಲಿ ಅನುಮತಿ ಪಡೆಯಿತು. ನಾಲ್ಕನೇ ಹಂತದಲ್ಲಿ ಚಾಲಕನೇ ಬೇಕಿಲ್ಲ, ಆದರೆ ಗೊತ್ತುಮಾಡಿದ ಊರು, ರಸ್ತೆ, ಹವಾಮಾನದ ಎಲ್ಲೆಯೊಳಗೆ ಮಾತ್ರ. 2020ರ ಅಕ್ಟೋಬರ್‌ನಿಂದ ಅರಿಝೋನಾದ ಫೀನಿಕ್ಸ್ ಸುತ್ತಮುತ್ತ ಚಾಲಕರಿಲ್ಲದ ಟ್ಯಾಕ್ಸಿಯನ್ನು ಸಾರ್ವಜನಿಕರಿಗೆ ತೆರೆದ ವೇಮೋ ಈ ಹಂತದ್ದು. ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ತಾನೇ ಓಡುವ ಐದನೇ ಹಂತದ ಕಾರು ಜಗತ್ತಿನ ಯಾವ ರಸ್ತೆಯಲ್ಲೂ ಇಲ್ಲ.

ಎರಡನೇ ಮತ್ತು ನಾಲ್ಕನೇ ಹಂತದ ನಡುವಿನ ಕಂದಕ ಎಷ್ಟು ಆಳ ಎಂಬುದು ಅಂಕಿಗಳಿಂದ ತಿಳಿಯುತ್ತದೆ. ಕಾರು ಸಾವಿರ ಕಿಲೋಮೀಟರ್ ಓಡಿದೆ, ಒಮ್ಮೆಯೂ ಸ್ಟಿಯರಿಂಗ್ ಮುಟ್ಟಬೇಕಾಗಲಿಲ್ಲ ಎಂದುಕೊಳ್ಳಿ. ಮಾಲೀಕನಿಗೆ ಅದು ಪರಿಪೂರ್ಣವಾಗಿಯೇ ಕಾಣುತ್ತದೆ. ಆದರೆ ಅಮೆರಿಕದಲ್ಲಿ ಪೊಲೀಸ್ ದಾಖಲೆಗೆ ಸೇರುವ ಅಪಘಾತ ನಡೆಯುವುದು ಸರಾಸರಿ ಸುಮಾರು 8 ಲಕ್ಷ ಕಿ.ಮೀ.ಗೆ ಒಂದರಂತೆ. ಸಾವಿರಕ್ಕೊಮ್ಮೆ ಗಂಭೀರವಾಗಿ ತಪ್ಪುವ ಕಾರಿನಲ್ಲಿ ಚಾಲಕ ಕಣ್ಣು ಮುಚ್ಚಿದರೆ, ಅದು ಸಾಮಾನ್ಯ ಚಾಲಕನಿಗಿಂತ ನೂರಾರು ಪಟ್ಟು ಅಪಾಯಕಾರಿ. ಇನ್ನೊಂದು ತೊಡಕು ಮನುಷ್ಯನ ಮನಸ್ಸಿನದು. ಹತ್ತು ಕಿಲೋಮೀಟರಿಗೊಮ್ಮೆ ತಪ್ಪುವ ಕಾರಿನ ಮೇಲೆ ಎಲ್ಲರೂ ಕಣ್ಣಿಟ್ಟಿರುತ್ತಾರೆ. ಸಾವಿರಕ್ಕೊಮ್ಮೆ ತಪ್ಪುವುದರ ಮೇಲೆ ಯಾರಿಗೂ ಅಷ್ಟು ಹೊತ್ತು ಗಮನ ನಿಲ್ಲುವುದಿಲ್ಲ. ಸಾಫ್ಟ್‌ವೇರ್ ಉತ್ತಮವಾಗುತ್ತ ಹೋದ ಹಾಗೆ ಕಾವಲಿಗೆ ಕೂತ ಮನುಷ್ಯ ದುರ್ಬಲನಾಗುತ್ತ ಹೋಗುತ್ತಾನೆ. 2023ರ ಡಿಸೆಂಬರ್‌ನಲ್ಲಿ ಟೆಸ್ಲಾ ಸುಮಾರು 20 ಲಕ್ಷ ಕಾರುಗಳಿಗೆ ರೀಕಾಲ್ ಹೊರಡಿಸಿ, ಆಟೋಪೈಲಟ್ ಎಂಬ ತನ್ನ ಚಾಲಕ ನೆರವು ವ್ಯವಸ್ಥೆಯನ್ನು ಬಳಸುವಾಗ ಚಾಲಕನ ಗಮನವನ್ನು ಪರೀಕ್ಷಿಸುವ ಕ್ರಮಗಳನ್ನು ಬಿಗಿಗೊಳಿಸಬೇಕಾಗಿ ಬಂದದ್ದು ಈ ತೊಂದರೆಯಿಂದಲೇ.

ದೂರದ ಲೆಕ್ಕ

ಹಾಗಾದರೆ ಎಷ್ಟು ಓಡಿಸಿದರೆ ಸಾಕು? 2016ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಇದರ ಲೆಕ್ಕ ಹಾಕಿತು. ಅಲ್ಲಿ ಆಗ ಸರಾಸರಿ 14.7 ಕೋಟಿ ಕಿ.ಮೀ.ಗೆ ಒಂದು ಸಾವು ಸಂಭವಿಸುತ್ತಿತ್ತು. ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂಬ ಸರಳ ಸೂತ್ರವಿದೆ: ಒಂದು ಘಟನೆ ಇಷ್ಟಕ್ಕಿಂತ ಅಪರೂಪ ಎಂದು ಶೇ 95ರ ಭರವಸೆಯಿಂದ ಹೇಳಬೇಕಾದರೆ, ಅದರ ಮೂರರಷ್ಟು ದೂರವನ್ನು ಅಂಥ ಒಂದೂ ಘಟನೆಯಿಲ್ಲದೆ ಕ್ರಮಿಸಿರಬೇಕು. 14.7 ಅನ್ನು ಮೂರರಿಂದ ಗುಣಿಸಿದರೆ ಸುಮಾರು 44 ಕೋಟಿ ಕಿ.ಮೀ. ನೂರು ಕಾರುಗಳನ್ನು ಹಗಲು ರಾತ್ರಿ, ವರ್ಷದ 365 ದಿನವೂ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿಸಿದರೆ ಹನ್ನೆರಡೂವರೆ ವರ್ಷ ಬೇಕು. ಇಷ್ಟೆಲ್ಲ ಮಾಡಿಯೂ ಸಾಬೀತಾಗುವುದು ‘ಮನುಷ್ಯನಿಗಿಂತ ಕೆಟ್ಟದ್ದಲ್ಲ’ ಎಂಬುದು ಮಾತ್ರ.

ಇಲ್ಲೊಂದು ತೊಡಕಿದೆ, ಬಹಳ ಜನ ಗಮನಿಸದ್ದು. ಈ ಲೆಕ್ಕ ಒಂದೇ ಆವೃತ್ತಿಗೆ ಅನ್ವಯಿಸುತ್ತದೆ. ಕಂಪನಿಗಳು ಕೆಲವೇ ವಾರಗಳಿಗೊಮ್ಮೆ ಸಾಫ್ಟ್‌ವೇರ್ ಬದಲಿಸುತ್ತವೆ. ನ್ಯೂರಲ್ ನೆಟ್‌ವರ್ಕ್‌ಗೆ ಹೊಸ ಚಿತ್ರಗಳನ್ನು ಕೊಟ್ಟು ಮರುತರಬೇತಿ ಮಾಡಿದರೆ ಅದರೊಳಗಿನ ಲಕ್ಷಗಟ್ಟಲೆ ಸಂಖ್ಯೆಗಳು ಒಟ್ಟಿಗೆ ಕದಲುತ್ತವೆ. ಎಡ ತಿರುವಿನ ಲೋಪ ಸರಿಪಡಿಸಲು ಹೊರಟವರಿಗೆ, ನಿನ್ನೆಯವರೆಗೆ ಚೆನ್ನಾಗಿದ್ದ ರಾತ್ರಿ ಹೊತ್ತಿನ ಸೈಕಲ್ ಗುರುತಿಸುವಿಕೆ ಕೆಟ್ಟದ್ದು ಗೊತ್ತಾಗದೇ ಹೋಗಬಹುದು. ಹಾಗಾಗಿ ಹಳೆಯ ಆವೃತ್ತಿ ಓಡಿದ ದೂರವನ್ನು ಹೊಸದರ ಖಾತೆಗೆ ಬರೆದುಕೊಳ್ಳುವಂತಿಲ್ಲ.

ಇದೇ ಲೆಕ್ಕವನ್ನು ಒಳ್ಳೆಯ ಫಲಿತಾಂಶಕ್ಕೂ ಅನ್ವಯಿಸಿ ನೋಡಬೇಕು. ಚಾಲಕರಿಲ್ಲದೆ ಓಡಿದ ಸುಮಾರು 9.1 ಕೋಟಿ ಕಿ.ಮೀ.ಗಳ ಅಂಕಿಅಂಶವನ್ನು ವೇಮೋ 2025ರಲ್ಲಿ ಪರಿಣತರ ವಿಮರ್ಶೆಗೆ ಒಳಪಟ್ಟ ಪತ್ರಿಕೆಯಲ್ಲಿ ಪ್ರಕಟಿಸಿತು. ಅದೇ ನಗರಗಳ ಮಾನವ ಚಾಲಕರಿಗೆ ಹೋಲಿಸಿದರೆ ಪಾದಚಾರಿಗಳಿಗೆ ಗಾಯವಾಗುವ ಡಿಕ್ಕಿಗಳು ಶೇ 92ರಷ್ಟು, ಗಂಭೀರ ಗಾಯ ಅಥವಾ ಅದಕ್ಕಿಂತ ಹೆಚ್ಚಿನ ಹಾನಿಯ ಡಿಕ್ಕಿಗಳು ಶೇ 85ರಷ್ಟು ಕಡಿಮೆ. ಅಧ್ಯಯನ ಬರೆದವರು ಕಂಪನಿಯವರೇ ಎಂಬುದು ನೆನಪಿರಲಿ; ಆದರೂ ಇದು ತಳ್ಳಿಹಾಕುವ ಸಂಖ್ಯೆಯಲ್ಲ. ಗಾಯಗಳು ಸಾಕಷ್ಟು ಸಲ ಸಂಭವಿಸುವುದರಿಂದ ಆ ಹೋಲಿಕೆ ಗಟ್ಟಿಯಾಗಿ ನಿಲ್ಲುತ್ತದೆ. ಸಾವಿನ ಬಗ್ಗೆ ಮಾತ್ರ ಅದು ಇನ್ನೂ ಏನನ್ನೂ ಹೇಳಲಾರದು, ಏಕೆಂದರೆ ಅಷ್ಟು ದೂರವನ್ನು ಮನುಷ್ಯರೇ ಓಡಿಸಿದ್ದರೂ ಸರಾಸರಿ ಒಂದು ಸಾವೂ ಆಗುತ್ತಿರಲಿಲ್ಲ. ಮತ್ತು ಈ ಫಲಿತಾಂಶ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್, ಆಸ್ಟಿನ್ ನಗರಗಳದ್ದು. ಹಿಮ ಬೀಳುವ ಊರಿಗೆ ಅದನ್ನು ಹೊತ್ತೊಯ್ಯುವಂತಿಲ್ಲ.

‘ಎಷ್ಟು ಕಿಲೋಮೀಟರಿಗೆ ಒಮ್ಮೆ ಚಾಲಕ ವಹಿಸಿಕೊಳ್ಳಬೇಕಾಯಿತು’ ಎಂಬ ಅಂಕಿಯನ್ನು ಕ್ಯಾಲಿಫೋರ್ನಿಯಾ ರಾಜ್ಯವು ಕಂಪನಿಗಳಿಂದ ಪ್ರತಿವರ್ಷ ಕೇಳಿ ಪಡೆಯುತ್ತದೆ. ಕಂಪನಿಗಳನ್ನು ಹೋಲಿಸಲು ಅದನ್ನು ಬಳಸಬೇಡಿ. ಖಾಲಿ ಉಪನಗರದಲ್ಲಿ ಓಡಿಸಿದವರ ಅಂಕಿ ಸುಂದರವಾಗಿರುತ್ತದೆ, ನಡುಪೇಟೆಯಲ್ಲಿ ಓಡಿಸಿದವರದು ಕಳಪೆಯಾಗಿರುತ್ತದೆ. ಅಂಕಿ ಚೆನ್ನಾಗಿ ಕಾಣಬೇಕೆಂದು ಪರೀಕ್ಷಾ ಚಾಲಕ ವಹಿಸಿಕೊಳ್ಳಲು ಹಿಂಜರಿದರಂತೂ ಅಳತೆಗೋಲೇ ಅಪಾಯವಾಗುತ್ತದೆ.

ಟೆಂಪಿಯ 5.6 ಸೆಕೆಂಡ್

ತಪ್ಪು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಅತ್ಯಂತ ವಿವರವಾಗಿ ದಾಖಲಾದ ಘಟನೆ 2018ರ ಮಾರ್ಚ್ 18ರ ರಾತ್ರಿಯದು. ಅರಿಝೋನಾದ ಟೆಂಪಿ ನಗರದಲ್ಲಿ ಊಬರ್‌ನ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಆಕೆ ಸಾವಿಗೀಡಾದರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕ್ಷಣ ಕ್ಷಣವನ್ನೂ ಬಿಡಿಸಿ 2019ರಲ್ಲಿ ವರದಿ ಕೊಟ್ಟಿತು.

ಕಾರಿನ ವೇಗ ಗಂಟೆಗೆ ಸುಮಾರು 70 ಕಿ.ಮೀ. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ರೇಡಾರ್ ಆಕೆಯನ್ನು ಹಿಡಿದಿತ್ತು. ಆಗ ನಡುವಿನ ಅಂತರ ನೂರು ಮೀಟರಿಗೂ ಹೆಚ್ಚು. ಆ ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಾಕಿದರೆ ನಿಲ್ಲಲು ಮೂವತ್ತು ಮೀಟರ್ ಸಾಕು. ಅಂದರೆ ಕಣ್ಣು ಕೆಲಸ ಮಾಡಿತ್ತು. ಕೆಟ್ಟದ್ದು ಅದರ ನಂತರದ ಕೊಂಡಿಗಳು.

ಮೊದಲು ಸಾಫ್ಟ್‌ವೇರ್ ಆಕೆಯನ್ನು ವಾಹನ ಎಂದಿತು. ಆಮೇಲೆ ‘ಇತರೆ’ ಎಂದಿತು, ಮತ್ತೆ ವಾಹನ, ಮತ್ತೆ ಇತರೆ, ನಂತರ ಸೈಕಲ್. ಪಾದಚಾರಿ ಜೀಬ್ರಾ ಪಟ್ಟಿಯ ಹೊರಗೂ ರಸ್ತೆ ದಾಟಬಹುದು ಎಂಬ ಕಲ್ಪನೆಯೇ ಆ ವಿನ್ಯಾಸದಲ್ಲಿ ಇರಲಿಲ್ಲ. ಹೆಸರು ಬದಲಾಗುವುದು ಅಷ್ಟೇನೂ ದೊಡ್ಡ ತಪ್ಪಲ್ಲ. ದೂರದಿಂದ ನಾವೂ ತಪ್ಪು ಗುರುತಿಸುತ್ತೇವೆ. ಆದರೆ ಪ್ರತಿ ಸಲ ಹೆಸರು ಬದಲಾದಾಗಲೂ ಈ ಸಾಫ್ಟ್‌ವೇರ್ ಆಕೆ ಅಲ್ಲಿಯವರೆಗೆ ಸಾಗಿಬಂದ ಜಾಡನ್ನು ಅಳಿಸಿ ಹೊಸದಾಗಿ ಶುರುಮಾಡುತ್ತಿತ್ತು. ಜಾಡಿಲ್ಲದೆ ದಿಕ್ಕು ತಿಳಿಯದು. ದಿಕ್ಕು ತಿಳಿಯದೆ, ಇದು ನನ್ನ ದಾರಿಗೆ ಅಡ್ಡ ಬರುತ್ತಿದೆ ಎಂಬ ಊಹೆಯೂ ಹುಟ್ಟದು.

ಡಿಕ್ಕಿಗೆ 1.2 ಸೆಕೆಂಡ್ ಇದ್ದಾಗ, ಸೈಕಲ್ ತನ್ನ ದಾರಿಯಲ್ಲೇ ಇದೆ ಎಂದು ಕೊನೆಗೂ ಗೊತ್ತಾಯಿತು. ಆಗಲೂ ಕಾರು ಬ್ರೇಕ್ ಹಾಕಲಿಲ್ಲ. ಸುಳ್ಳು ಎಚ್ಚರಿಕೆಗಳಿಂದ ಪದೇ ಪದೇ ಬ್ರೇಕ್ ಬೀಳುವುದನ್ನು ತಪ್ಪಿಸಲು, ಅಪಾಯ ಕಂಡ ಮೇಲೂ ಒಂದು ಸೆಕೆಂಡ್ ಸುಮ್ಮನಿದ್ದು ಖಚಿತಪಡಿಸಿಕೊಳ್ಳುವ ವಿಳಂಬವನ್ನು ಉದ್ದೇಶಪೂರ್ವಕವಾಗಿ ಇಡಲಾಗಿತ್ತು. ಆ ಒಂದು ಸೆಕೆಂಡ್ ಮುಗಿದಾಗ ಉಳಿದದ್ದು 0.2 ಸೆಕೆಂಡ್. ವೋಲ್ವೋ ಎಕ್ಸ್‌ಸಿ90 ಕಾರಿನಲ್ಲಿ ಕಂಪನಿಯಿಂದಲೇ ಬಂದಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು, ಅದೂ ಊಬರ್‌ನ ಸಾಫ್ಟ್‌ವೇರೂ ಒಂದಕ್ಕೊಂದು ಅಡ್ಡಬರಬಾರದೆಂದು ಆಫ್ ಮಾಡಿಡಲಾಗಿತ್ತು. ಕೊನೆಯ ಕಾವಲಾಗಿದ್ದ ಪರೀಕ್ಷಾ ಚಾಲಕಿಯ ಕಣ್ಣು ಮೊಬೈಲ್ ಮೇಲಿತ್ತು. ಮೊದಲು ಕಾರಿನಲ್ಲಿ ಇಬ್ಬರು ಸಿಬ್ಬಂದಿ ಇರುತ್ತಿದ್ದರು. ಅದನ್ನು ಒಬ್ಬರಿಗೆ ಇಳಿಸಲಾಗಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಯಾವುದೇ ಒಂದು ಬಿಡಿಭಾಗ ಹಾಳಾಗಿರಲಿಲ್ಲ. ಸೆನ್ಸರ್ ಸರಿಯಿತ್ತು, ಕಂಪ್ಯೂಟರ್ ಸರಿಯಿತ್ತು, ಬ್ರೇಕ್ ಸರಿಯಿತ್ತು. ಹೀಗೆ ಏನೂ ಕೆಡದೆಯೇ ವಿನ್ಯಾಸದ ಅರಿವಿನ ಕೊರತೆಯಿಂದ ಹುಟ್ಟುವ ಅಪಾಯಗಳಿಗೆಂದೇ ಐಎಸ್‌ಒ 21448 ಎಂಬ ಪ್ರತ್ಯೇಕ ಮಾನದಂಡ ಇದೆ. ಭಾಗಗಳು ಕೆಟ್ಟಾಗ ಏನಾಗಬೇಕು ಎಂಬುದನ್ನು ನೋಡುವ ಹಳೆಯ ಐಎಸ್‌ಒ 26262 ಇಲ್ಲಿ ಸಾಲದು.

ಸುಳ್ಳು ಎಚ್ಚರಿಕೆ ಮತ್ತು ತಪ್ಪಿಹೋದ ಅಪಾಯ

ಟೆಂಪಿಯ ಒಂದು ಸೆಕೆಂಡ್ ವಿಳಂಬ ಮತ್ತು 10.3ರ ಕಾರಣವಿಲ್ಲದ ಬ್ರೇಕ್ ಒಂದೇ ತಕ್ಕಡಿಯ ಎರಡು ತಟ್ಟೆಗಳು. ‘ಇದು ಅಡ್ಡಿಯೇ’ ಎಂದು ಕೇಳಿದಾಗ ಸಾಫ್ಟ್‌ವೇರ್ ಹೌದು ಇಲ್ಲ ಎನ್ನುವುದಿಲ್ಲ, ಒಂದು ಸಂಭಾವ್ಯತೆಯನ್ನು ಕೊಡುತ್ತದೆ. ಎಷ್ಟು ಸಂಭಾವ್ಯತೆಗೆ ಬ್ರೇಕ್ ಹಾಕಬೇಕು ಎಂಬ ಗೆರೆಯನ್ನು ಎಂಜಿನಿಯರ್‌ಗಳು ಎಳೆಯುತ್ತಾರೆ. ಗೆರೆ ಕೆಳಗಿಟ್ಟರೆ ಸೇತುವೆಯ ನೆರಳಿಗೂ ಕಾರು ಗಕ್ಕನೆ ನಿಂತು ಹಿಂದಿನವರು ಬಂದು ಗುದ್ದುತ್ತಾರೆ. ಮೇಲಿಟ್ಟರೆ ನಿಜವಾದ ಅಡ್ಡಿ ತಪ್ಪಿಹೋಗುತ್ತದೆ. ಎರಡನ್ನೂ ಒಟ್ಟಿಗೆ ಕಡಿಮೆ ಮಾಡುವ ದಾರಿ ಒಂದೇ: ಇನ್ನಷ್ಟು ಒಳ್ಳೆಯ ಮಾಹಿತಿ.

ಸಾಮಾನ್ಯ ಕಾರುಗಳ ರೇಡಾರ್ ಇದಕ್ಕೆ ಉದಾಹರಣೆ. ದೂರ ಮತ್ತು ವೇಗವನ್ನು ಅದು ಚೆನ್ನಾಗಿ ಅಳೆಯುತ್ತದೆ, ಆದರೆ ಎತ್ತರವನ್ನು ಸರಿಯಾಗಿ ಹೇಳಲಾರದು. ರಸ್ತೆಯ ಮೇಲೆ ತೂಗುವ ಫಲಕ, ರಸ್ತೆಯಲ್ಲಿ ನಿಂತ ಲಾರಿ, ಎರಡೂ ಅದಕ್ಕೆ ಮುಂದೆ ಕದಲದೆ ಇರುವ ಲೋಹ. ಪ್ರತಿ ಫಲಕಕ್ಕೂ ಬ್ರೇಕ್ ಬೀಳಬಾರದೆಂದು ಅನೇಕ ವ್ಯವಸ್ಥೆಗಳು ವೇಗದಲ್ಲಿ ಓಡುವಾಗ ನಿಂತ ವಸ್ತುಗಳ ಪ್ರತಿಧ್ವನಿಯನ್ನು ಸೋಸಿ ಬಿಡುತ್ತವೆ. ಹೆದ್ದಾರಿಯಲ್ಲಿ ನಿಂತ ವಾಹನಕ್ಕೆ ಚಾಲಕ ನೆರವು ಚಾಲೂ ಇದ್ದ ಕಾರು ನೇರವಾಗಿ ನುಗ್ಗುವುದಕ್ಕೆ ಇದೂ ಒಂದು ಕಾರಣ. ಕ್ಯಾಮೆರಾ ಆಕಾರವನ್ನು ಚೆನ್ನಾಗಿ ಗುರುತಿಸುತ್ತದೆ, ಎದುರು ಬಿಸಿಲು ಮತ್ತು ಮಂಜಿಗೆ ಸೋಲುತ್ತದೆ. ಲೇಸರ್ ಬೀರಿ ಅಳೆಯುವ ಲೈಡಾರ್ ಕತ್ತಲಲ್ಲೂ ಸೆಂಟಿಮೀಟರ್ ಲೆಕ್ಕದಲ್ಲಿ ಆಕಾರ ಕೊಡುತ್ತದೆ, ದಟ್ಟ ಮಳೆಯಲ್ಲಿ ಹನಿಗಳಿಗೇ ಬೆಳಕು ಚದುರಿ ಗೊಂದಲಕ್ಕೀಡಾಗುತ್ತದೆ. ವೇಮೋ ಮೂರನ್ನೂ ಬಳಸುತ್ತದೆ, ಟೆಸ್ಲಾ ಕ್ಯಾಮೆರಾಗಳನ್ನೇ ನೆಚ್ಚಿಕೊಂಡಿದೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಸುರಕ್ಷತಾ ಇಲಾಖೆ ಟೆಸ್ಲಾದ ಫುಲ್ ಸೆಲ್ಫ್ ಡ್ರೈವಿಂಗ್ ಬಗ್ಗೆ ತೆರೆದ ತನಿಖೆ, ಬಿಸಿಲಿನ ಝಳ, ಮಂಜು, ಧೂಳಿನಲ್ಲಿ ನಡೆದ ನಾಲ್ಕು ಅಪಘಾತಗಳದ್ದು. ಒಂದರಲ್ಲಿ ಪಾದಚಾರಿಯೊಬ್ಬರು ಸತ್ತಿದ್ದರು. ಸೆನ್ಸರ್‌ಗಳ ಸಂಖ್ಯೆಯೇ ಮುಖ್ಯವಲ್ಲ, ಅವು ಬೇರೆ ಬೇರೆ ಕಾರಣಗಳಿಗೆ ಸೋಲಬೇಕು. ಒಂದೇ ಮಂಜಿಗೆ ಎಂಟೂ ಕ್ಯಾಮೆರಾ ಕುರುಡಾದರೆ ಎಂಟು ಇದ್ದೂ ಲಾಭವಿಲ್ಲ.

ಇದರ ಜತೆಗೆ ಸಮಯದ ಲೆಕ್ಕ. ಚಿತ್ರ ಸೆರೆಹಿಡಿಯಲು, ಗುರುತಿಸಲು, ಏನು ಮಾಡಬೇಕೆಂದು ನಿರ್ಧರಿಸಲು, ಬ್ರೇಕ್‌ನಲ್ಲಿ ಒತ್ತಡ ಏರಲು ಒಟ್ಟು 300 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ ಕಾರು 8.3 ಮೀಟರ್ ಮುಂದೆ ಹೋಗಿರುತ್ತದೆ. ಪರೀಕ್ಷೆಯಲ್ಲಿ ಸರಾಸರಿ ವಿಳಂಬವನ್ನು ನೋಡಿ ಸಮಾಧಾನಪಡಬಾರದು. ಬಿಸಿಯಾದ ಚಿಪ್ ವೇಗ ತಗ್ಗಿಸಿಕೊಂಡಾಗ, ಜನ ತುಂಬಿದ ಚೌಕದಲ್ಲಿ ನೂರಾರು ವಸ್ತುಗಳನ್ನು ಒಟ್ಟಿಗೆ ಎಣಿಸಬೇಕಾದಾಗ ಎಷ್ಟಾಗುತ್ತದೆ ಎಂಬ ಕೆಟ್ಟ ಸಂಖ್ಯೆಯೇ ಇಲ್ಲಿ ಬೇಕಾದದ್ದು.

ತಿಳಿಯದಿದ್ದಾಗ ಏನು ಮಾಡುತ್ತದೆ

ಚಾಲಕನಿಲ್ಲದ ಕಾರಿಗೆ ಏನೋ ಎಡವಟ್ಟಾಯಿತೆಂದರೆ ಅದು ‘ಕನಿಷ್ಠ ಅಪಾಯದ ಸ್ಥಿತಿ’ಗೆ ಹೋಗಬೇಕು. ಬಹುತೇಕ ಸಲ ಅದರ ಅರ್ಥ ಬದಿಗೆ ಸರಿದು ನಿಲ್ಲುವುದು. ಕೇಳಲು ಸರಳ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆದದ್ದನ್ನು ನೋಡಿ. ಮನುಷ್ಯ ಓಡಿಸುತ್ತಿದ್ದ ಕಾರೊಂದು ಪಾದಚಾರಿ ಮಹಿಳೆಗೆ ಗುದ್ದಿ, ಆಕೆ ಪಕ್ಕದ ಲೇನ್‌ನಲ್ಲಿದ್ದ ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಕ್ರೂಸ್ ಕಾರು ಬ್ರೇಕ್ ಹಾಕಿದರೂ ಆಕೆಗೆ ತಾಗಿ ನಿಂತಿತು. ಇಲ್ಲಿಯವರೆಗಿನದನ್ನು ಯಾವ ಚಾಲಕನಿಗೂ ತಪ್ಪಿಸಲು ಕಷ್ಟವಿತ್ತು. ಆಮೇಲೆ ಸಾಫ್ಟ್‌ವೇರ್ ಇದನ್ನು ಪಕ್ಕದಿಂದಾದ ಡಿಕ್ಕಿ ಎಂದು ತಪ್ಪಾಗಿ ತಿಳಿದು, ನಿಯಮದಂತೆ ಬದಿಗೆ ಸರಿಯಲು ಹೊರಟಿತು. ಕಾರಿನಡಿ ಸಿಲುಕಿದ್ದ ಮಹಿಳೆಯನ್ನು ಸುಮಾರು 6 ಮೀಟರ್ ಎಳೆದುಕೊಂಡು ಹೋಯಿತು. ಸುರಕ್ಷತೆಗೆಂದೇ ಬರೆದ ನಡೆ ಹಾನಿ ಮಾಡಿತು. ಕ್ಯಾಲಿಫೋರ್ನಿಯಾ ಅದೇ ತಿಂಗಳ 24ರಂದು ಕಂಪನಿಯ ಪರವಾನಗಿಯನ್ನು ಅಮಾನತುಗೊಳಿಸಿತು. ನವೆಂಬರ್‌ನಲ್ಲಿ 950 ಕಾರುಗಳ ರೀಕಾಲ್ ಆಯಿತು. 2024ರ ಡಿಸೆಂಬರ್‌ನಲ್ಲಿ ಕ್ರೂಸ್‌ನ ಮಾಲೀಕ ಕಂಪನಿ ಜನರಲ್ ಮೋಟರ್ಸ್ ಈ ಟ್ಯಾಕ್ಸಿ ಯೋಜನೆಗೆ ಹಣ ಹಾಕುವುದನ್ನೇ ನಿಲ್ಲಿಸಿತು. ಗುದ್ದಿದ ನಂತರ ‘ಕಾರಿನ ಕೆಳಗೆ ಏನಿದೆ’ ಎಂದು ತಿಳಿಯದೆ ಚಕ್ರ ಉರುಳಬಾರದು ಎಂಬುದು ಮನುಷ್ಯರಿಗೆ ಹೇಳಿಕೊಡಬೇಕಿಲ್ಲದ ಮಾತು. ಸಾಫ್ಟ್‌ವೇರ್‌ಗೆ ಅದನ್ನೂ ಬರೆದಿಡಬೇಕು.

ಇನ್ನೊಂದು ಬಗೆಯ ಸೋಲು ಇಡೀ ಊರಿನದು. 2025ರ ಡಿಸೆಂಬರ್ 20ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡದಾಗಿ ಕರೆಂಟು ಹೋಗಿ ಸಿಗ್ನಲ್‌ಗಳು ಆರಿದವು. ಆರಿದ ಸಿಗ್ನಲ್ಲನ್ನು ಹೇಗೆ ದಾಟಬೇಕೆಂದು ವೇಮೋ ಕಾರುಗಳಿಗೆ ಗೊತ್ತಿತ್ತು. ಆದರೆ ಸಂದೇಹ ಬಂದಾಗ ಅವು ದೂರದ ಕೇಂದ್ರದಲ್ಲಿರುವ ಸಿಬ್ಬಂದಿಯನ್ನು ಕೇಳಿ ಖಚಿತಪಡಿಸಿಕೊಳ್ಳುತ್ತವೆ. ಎಲ್ಲ ಕಾರುಗಳಿಗೂ ಒಟ್ಟಿಗೆ ಸಂದೇಹ ಬಂದು ಕೋರಿಕೆಗಳು ಮುಗಿಬಿದ್ದವು. ಉತ್ತರಕ್ಕೆ ಕಾಯುತ್ತ ಹಲವು ಕಾರುಗಳು ಚೌಕಗಳಲ್ಲೇ ನಿಂತುಬಿಟ್ಟವು, ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ನೂರು ಚಾಲಕರು ನೂರು ರೀತಿ ತಪ್ಪುತ್ತಾರೆ. ಒಂದೇ ಸಾಫ್ಟ್‌ವೇರ್ ಇರುವ ನೂರು ಕಾರುಗಳು ಒಂದೇ ಹೊತ್ತಿಗೆ ಒಂದೇ ರೀತಿ ತಪ್ಪುತ್ತವೆ. 2023ರ ಡಿಸೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ ಓರೆಯಾಗಿ ಎಳೆದೊಯ್ಯುತ್ತಿದ್ದ ಒಂದೇ ಪಿಕಪ್ ವಾಹನಕ್ಕೆ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ವೇಮೋ ಕಾರುಗಳು ತಾಗಿದ್ದು ಇದಕ್ಕೆ ಸಾಕ್ಷಿ. ಹಿಂದುಮುಂದಾಗಿ ಸಾಗುವ ವಾಹನ ಯಾವ ಕಡೆ ಹೋಗುತ್ತದೆ ಎಂಬ ಊಹೆ ಎರಡರಲ್ಲೂ ಒಂದೇ ರೀತಿ ಕೈಕೊಟ್ಟಿತ್ತು. 444 ಕಾರುಗಳ ಸಾಫ್ಟ್‌ವೇರ್ ಬದಲಿಸಬೇಕಾಯಿತು.

ಬಿಡುಗಡೆಗೆ ಮುನ್ನ

ಸರಿಯಾದ ಬಿಡುಗಡೆ ಕೋಡ್‌ನಿಂದ ಶುರುವಾಗುವುದಿಲ್ಲ, ಕಾರ್ಯವ್ಯಾಪ್ತಿಯನ್ನು ಕಾಗದದ ಮೇಲೆ ಬರೆಯುವುದರಿಂದ ಶುರುವಾಗುತ್ತದೆ: ಯಾವ ರಸ್ತೆಗಳು, ಗರಿಷ್ಠ ವೇಗ, ಹಗಲೋ ರಾತ್ರಿಯೋ, ಎಷ್ಟು ಮಳೆಯವರೆಗೆ. ವ್ಯಾಪ್ತಿ ಮೀರಿದ್ದನ್ನು ಕಾರು ತಾನೇ ಪತ್ತೆ ಹಚ್ಚಬೇಕು. ಮಳೆ ಜೋರಾಯಿತೆಂದು ತಿಳಿಯಲಾರದ ಕಾರಿಗೆ ‘ಜೋರು ಮಳೆಯಲ್ಲಿ ಬಳಸಬೇಡಿ’ ಎಂದು ಕೈಪಿಡಿಯಲ್ಲಿ ಬರೆದರೆ ಹೊಣೆ ಜಾರಿಸಿದಂತೆ. ನಂತರ ಪ್ರತಿ ಅಪಾಯಕ್ಕೂ ‘ಇದನ್ನು ಹೀಗೆ ತಡೆದಿದ್ದೇವೆ, ಇಗೋ ಪುರಾವೆ’ ಎಂಬ ಸುರಕ್ಷತಾ ವಾದಪತ್ರ ಸಿದ್ಧವಾಗಬೇಕು. 2020ರಲ್ಲಿ ಬಂದ ಯುಎಲ್ 4600 ಮಾನದಂಡ ಕೇಳುವುದು ಇದನ್ನೇ.

ಹೊಸ ಆವೃತ್ತಿಯನ್ನು ಮೊದಲು ಹಳೆಯ ಪ್ರಯಾಣಗಳ ದಾಖಲೆಯ ಮೇಲೆ ಓಡಿಸಿ ನೋಡುತ್ತಾರೆ. ಇದರ ಮಿತಿ ತಿಳಿದಿರಬೇಕು. ದಾಖಲೆಯಲ್ಲಿರುವ ಇತರ ವಾಹನಗಳು ಅಂದು ನಡೆದಂತೆಯೇ ನಡೆಯುತ್ತವೆ. ಹೊಸ ಸಾಫ್ಟ್‌ವೇರ್ ಬೇಗ ಬ್ರೇಕ್ ಹಾಕಿದರೂ ಹಿಂದಿನ ಕಾರು ಅದನ್ನು ಕಂಡಂತೆ ವರ್ತಿಸುವುದಿಲ್ಲ. ಅದಕ್ಕಾಗಿ ಪ್ರತಿಕ್ರಿಯಿಸುವ ವಾಹನಗಳಿರುವ ಕೃತಕ ಲೋಕದಲ್ಲಿ, ಅಂದರೆ ಸಿಮ್ಯುಲೇಶನ್‌ನಲ್ಲಿ, ಒಂದೇ ಸನ್ನಿವೇಶದ ಸಾವಿರಾರು ರೂಪಗಳನ್ನು ಪರೀಕ್ಷಿಸುತ್ತಾರೆ: ಮಗು ಅರ್ಧ ಸೆಕೆಂಡ್ ಮೊದಲು ಓಡಿಬಂದರೆ, ರಸ್ತೆ ಒದ್ದೆಯಿದ್ದರೆ, ಎದುರಿನ ಹೆಡ್‌ಲೈಟ್ ಕಣ್ಣು ಕುಕ್ಕಿದರೆ. ಸಿಮ್ಯುಲೇಶನ್ ಯಾರೂ ಊಹಿಸದ್ದನ್ನು ತೋರಿಸಲಾರದು. ಹಾಗಾಗಿ ಮುಚ್ಚಿದ ಪರೀಕ್ಷಾ ಟ್ರ್ಯಾಕ್, ಆಮೇಲೆ ‘ನೆರಳು ಓಟ’. ನೆರಳು ಓಟದಲ್ಲಿ ಹೊಸ ಆವೃತ್ತಿ ಕಾರಿನೊಳಗೆ ಕೂತು ನಿರ್ಧಾರ ಮಾಡುತ್ತದೆ, ಚಕ್ರಕ್ಕೆ ಮಾತ್ರ ಅದರ ಆದೇಶ ತಲುಪುವುದಿಲ್ಲ. ಚಾಲಕ ಮಾಡಿದ್ದಕ್ಕೂ ಅದು ಮಾಡಬೇಕೆಂದಿದ್ದಕ್ಕೂ ವ್ಯತ್ಯಾಸ ಬಂದೆಡೆಗಳನ್ನು ಎತ್ತಿಕೊಂಡು ಪರಿಶೀಲಿಸುತ್ತಾರೆ. ಅನಂತರವೇ ತರಬೇತಾದ ಚಾಲಕರು, ಪುಟ್ಟ ಗುಂಪು, ಅದಾದ ಮೇಲೆ ಉಳಿದವರು.

ಈ ಸರಣಿಯಲ್ಲಿ ಅತಿ ಸುಲಭವಾಗಿ ಮುರಿಯುವುದು ಕೊನೆಯ ಹೆಜ್ಜೆ. ಎಷ್ಟು ಸುಳ್ಳು ಬ್ರೇಕ್ ಬಂದರೆ ಬಿಡುಗಡೆ ನಿಲ್ಲಿಸಬೇಕು, ಹಿಂದಿನ ಆವೃತ್ತಿಗೆ ಮರಳಲು ಯಾರ ಅಪ್ಪಣೆ ಬೇಕು ಎಂಬುದನ್ನು ಕಳಿಸುವ ಮುನ್ನವೇ ಬರೆದಿಟ್ಟಿರಬೇಕು. ತಾರೀಖು ಘೋಷಣೆಯಾಗಿ ಎಲ್ಲರೂ ಕಾಯುತ್ತಿರುವಾಗ ಆ ಗೆರೆಯನ್ನು ಹೊಸದಾಗಿ ಎಳೆಯಲು ಕೂತರೆ ಅದು ಸದಾ ಅನುಕೂಲದ ಕಡೆಗೇ ಸರಿಯುತ್ತದೆ. 10.3ರಲ್ಲಿ ಮರಳಿಸುವ ದಾರಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಲೋಪ ಕಂಡುಹಿಡಿದವರು ಹಣ ಕೊಟ್ಟ ಗ್ರಾಹಕರು, ಮತ್ತು ಅವರ ಸುತ್ತ ಆ ರಸ್ತೆಯಲ್ಲಿದ್ದ ಯಾರೂ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿರಲಿಲ್ಲ. ಯುರೋಪಿನಲ್ಲಿ ಮಾರುಕಟ್ಟೆಗೆ ಬರುವ ಮುನ್ನವೇ ಅನುಮೋದನೆ ಬೇಕು. ಅಮೆರಿಕದಲ್ಲಿ ಕಂಪನಿ ತಾನೇ ದೃಢೀಕರಿಸಿ ಮಾರುತ್ತದೆ, ಇಲಾಖೆ ಆಮೇಲೆ ಕ್ರಮ ಕೈಗೊಳ್ಳುತ್ತದೆ. ಗ್ರಾಹಕರ ಕಾರಿನಲ್ಲೇ ಬೀಟಾ ಓಡಿಸಲು ಅಲ್ಲಿ ದಾರಿ ಇರುವುದು ಹಾಗೆ.

ನಮ್ಮ ರಸ್ತೆಯ ಮಾತು

ಹೈದರಾಬಾದಿನ ಐಐಐಟಿ ನೇತೃತ್ವದಲ್ಲಿ ಸಿದ್ಧವಾದ ‘ಇಂಡಿಯನ್ ಡ್ರೈವಿಂಗ್ ಡೇಟಾಸೆಟ್’ ಎಂಬ ಚಿತ್ರಸಂಗ್ರಹದಲ್ಲಿ ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳಿವೆ. 182 ಪ್ರಯಾಣಗಳ ಸುಮಾರು 10,000 ಚಿತ್ರಗಳಲ್ಲಿ ಪ್ರತಿ ಭಾಗಕ್ಕೂ 34 ವರ್ಗಗಳಲ್ಲಿ ಗುರುತು ಹಾಕಲಾಗಿದೆ. ಆಟೋರಿಕ್ಷಾಕ್ಕೆ, ಪ್ರಾಣಿಗಳಿಗೆ ಪ್ರತ್ಯೇಕ ವರ್ಗ ಬೇಕಾಯಿತು. ಅದಕ್ಕಿಂತ ಕುತೂಹಲದ್ದು ರಸ್ತೆಯ ಅಂಚು. ಡಾಂಬರು ಮುಗಿದ ಮೇಲಿನ ಮಣ್ಣಿನ ಭಾಗ ರಸ್ತೆಯೋ ಅಲ್ಲವೋ? ಇಲ್ಲಿ ಎಲ್ಲರೂ ಅದರ ಮೇಲೆ ಓಡಿಸುತ್ತಾರೆ. ಹಾಗಾಗಿ ‘ಓಡಿಸಬಹುದಾದದ್ದು’ ಎಂಬುದರಡಿ ರಸ್ತೆಯಲ್ಲದ ಜಾಗಕ್ಕೂ ಒಂದು ವರ್ಗ ಮಾಡಬೇಕಾಯಿತು. ಬೇರೆ ದೇಶದಲ್ಲಿ ಕಲಿತ ಸಾಫ್ಟ್‌ವೇರ್ ಇಲ್ಲಿ ಸೋಲುವುದು ವಾಹನಗಳ ಗದ್ದಲಕ್ಕಷ್ಟೇ ಅಲ್ಲ, ‘ರಸ್ತೆ ಎಂದರೇನು’ ಎಂಬ ಮೂಲ ವ್ಯಾಖ್ಯೆಯೇ ಬೇರೆ ಇರುವುದರಿಂದ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 2ಬಿ ಕಲಂ ಸಂಶೋಧನೆಗಾಗಿ ವಿನಾಯಿತಿ ಕೊಡಲು ಕೇಂದ್ರಕ್ಕೆ ಅವಕಾಶ ನೀಡಿದೆ. ಚಾಲಕರಿಲ್ಲದ ಕಾರನ್ನು ಜನರಿಗೆ ಮಾರುವುದು ಅದರಾಚೆಯ ಸಂಗತಿ.

ನಮ್ಮಲ್ಲಿ ಈಗ ಮಾರಾಟದಲ್ಲಿರುವ ‘ಅಡಾಸ್’ (ಚಾಲಕನಿಗೆ ನೆರವಾಗುವ ವ್ಯವಸ್ಥೆ ಇರುವ) ಕಾರುಗಳು ಹೆಚ್ಚೆಂದರೆ ಎರಡನೇ ಹಂತದವು. ಅಂಥ ಕಾರು ನಿಮ್ಮದಾಗಿದ್ದರೆ ಕೆಲವು ವಿಷಯ ಗಮನದಲ್ಲಿರಲಿ. ಫಾಸ್ಟ್‌ಟ್ಯಾಗ್ ಸ್ಟಿಕ್ಕರ್ ಅನ್ನು ಗಾಜಿನ ಮೇಲ್ಭಾಗದ ಕ್ಯಾಮೆರಾದ ನೋಟಕ್ಕೆ ಅಡ್ಡವಾಗಿ ಅಂಟಿಸಬೇಡಿ. ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾದ ಕ್ಯಾಲಿಬ್ರೇಶನ್ (ನೋಟದ ಕೋನವನ್ನು ಸರಿಹೊಂದಿಸುವುದು) ಮಾಡಿಸದೆ ವ್ಯವಸ್ಥೆಯನ್ನು ನಂಬಬೇಡಿ; ಕೋನ ಒಂದು ಡಿಗ್ರಿ ತಪ್ಪಿದರೆ 100 ಮೀಟರ್ ದೂರದಲ್ಲಿ ಸುಮಾರು 1.7 ಮೀಟರ್ ವ್ಯತ್ಯಾಸ, ಅಂದರೆ ಅರ್ಧ ಲೇನ್. ಬಂಪರ್‌ನಲ್ಲಿರುವ ರೇಡಾರ್ ಮೇಲೆ ಕೆಸರು ಗಟ್ಟಿಯಾದರೆ ತೊಳೆಯಿರಿ, ಅದರ ಮುಂದೆ ಲೋಹದ ಗಾರ್ಡ್ ಹಾಕಿಸಬೇಡಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಎಚ್ಚರಿಕೆಯ ಸಂವೇದನೆ, ಅಂತರದ ಹೊಂದಿಕೆಗಳು ಹಳೆಯಂತೆಯೇ ಇವೆಯೇ ಎಂದು ನೋಡಿ, ಮೊದಲ ಓಟವನ್ನು ಪರಿಚಿತ ರಸ್ತೆಯಲ್ಲಿ ಹಗಲು ಹೊತ್ತಿನಲ್ಲಿ ಮಾಡಿ. ತಿರುವಿನಲ್ಲಿ, ಲೇನಿನ ಅಂಚಿನಲ್ಲಿ ಸಾಗುವ ಬೈಕನ್ನು ರೇಡಾರ್ ಕಳೆದುಕೊಂಡು ಕಾರು ದಿಢೀರನೆ ವೇಗ ಏರಿಸಬಹುದು. ಆಗ ಕಾಲು ಬ್ರೇಕ್ ಬಳಿಯೇ ಇರಬೇಕು. ಬಿಳಿ ಗೆರೆ ಅಳಿಸಿಹೋದಲ್ಲಿ ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ನೆರವು ಹೆಚ್ಚು ಸದ್ದು ಮಾಡದೆ ಕೈಬಿಡುತ್ತದೆ. ಡ್ಯಾಶ್‌ಬೋರ್ಡ್‌ನ ಪುಟ್ಟ ಚಿಹ್ನೆಯೊಂದು ಹಸಿರಿನಿಂದ ಬೂದು ಬಣ್ಣಕ್ಕೆ ತಿರುಗುವುದಷ್ಟೇ ಅದರ ಸೂಚನೆ. ನಿಮ್ಮ ಕಾರಿನಲ್ಲಿ ಆ ಚಿಹ್ನೆ ಎಲ್ಲಿದೆ ಎಂದು ಹೊರಡುವ ಮೊದಲೇ ಗುರುತಿಸಿಟ್ಟುಕೊಳ್ಳಿ.